ಕಿಟಕಿಯಾಚೆಯ ಮೂರು ದಿನ

ಬುಟ್ಟಿಯ ಮುಚ್ಚಳ ತೆಗೆದ ಮೇಲೂ ಮೇಸ್ತ್ರಿ ಹೊರಗೆ ಬರಲಿಲ್ಲ. ಒಳಗೇ ಕೂತು, ಎರಡು ಕಿವಿಗಳನ್ನಷ್ಟೇ ಅಂಚಿನ ಮೇಲಕ್ಕೆ ನಿಲ್ಲಿಸಿ, ಈ ಮನೆಯಲ್ಲಿ ಈಗ ಯಾರ ದರ್ಬಾರು ನಡೆದಿದೆಯೋ ಎಂದು ಅಂದಾಜು ಹಾಕುತ್ತಿತ್ತು.

"ಬಾರೋ ನನ್ನ ದೊರೆ," ಎಂದಳು ಬೈಂಡರಮ್ಮ. "ಹದಿನಾಲ್ಕು ತಿಂಗಳು ಕಾದಿದ್ದೀನಿ. ಇನ್ನು ಸತಾಯಿಸ್ಬೇಡ."

ಅದನ್ನು ಇಷ್ಟು ದಿನ ಸಾಕಿ, ಈಗ ಬುಟ್ಟಿಯಲ್ಲಿ ಹೊತ್ತು ತಂದಿದ್ದ ಪಕ್ಕದ ಬೀದಿಯ ಟೈಲರಮ್ಮ ಹೊಸ್ತಿಲಾಚೆ ನಿಂತಿದ್ದಳು. ಒಳಗೆ ಬರೋಣವೆಂದು ಅವಳು ಕಾಲೆತ್ತಿದ್ದೇ ತಡ, ಬೈಂಡರಮ್ಮನ ಗಂಡ ಕೊರಳಲ್ಲಿದ್ದ ಸೀಟಿಯನ್ನು ಪೀಂ ಎಂದು ಊದಿಬಿಟ್ಟರು. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಈಗ ಮನೆಯೇ ಮೈದಾನ, ಹೆಂಡತಿಯೇ ತಂಡ.

"ಚಪ್ಪಲಿ ಆಚೆ. ಮುಖಕ್ಕೆ ಮಾಸ್ಕು. ಸೋಪು ಅಲ್ಲಿದೆ, ಇಪ್ಪತ್ತು ಎಣಿಸೋ ತನಕ ಕೈ ತೊಳೀಬೇಕು."

"ನಂಗೆ ಎಣಿಸೋಕೆ ಬರಲ್ಲ ಅಂದ್ರೆ?"

"ನಾನು ಎಣಿಸ್ತೀನಿ, ನೀನು ತೊಳಿ."

ಮೇಸ್ತ್ರಿ ಎಂದರೆ ಬೆಕ್ಕು. ಬೂದು ಮೈ, ಬಿಳಿ ಎದೆ, ತುದಿ ಸ್ವಲ್ಪ ಮುರಿದ ಬಾಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಮನೆಯಲ್ಲಿ ಬೆಕ್ಕು ಶೋಕಿಯ ಪ್ರಾಣಿಯಲ್ಲ, ಕೆಲಸಗಾರ. ಅಂಟು ಕುದಿಸುವುದು ಮೈದಾ ಹಿಟ್ಟಿನಲ್ಲಿ, ಮೈದಾ ಎಂದರೆ ಇಲಿಗಳಿಗೆ ಪ್ರಾಣ. ಒಂದು ವಾರ ಮೈಮರೆತರೆ ಸಾಕು, ಯಾರೋ ನಂಬಿಕೆಯಿಂದ ಕೊಟ್ಟ ಅಜ್ಜನ ಕಾಲದ ನಿಘಂಟಿಗೆ ಬೆನ್ನೇ ಇರುವುದಿಲ್ಲ. ಅದಕ್ಕೇ ಬೈಂಡರಮ್ಮನ ಅಮ್ಮ ಈ ಕೆಲಸ ಶುರು ಮಾಡಿದ ಕಾಲದಿಂದ ಮನೆಯಲ್ಲಿ ಒಂದು ಬೆಕ್ಕು ತಪ್ಪಿದ್ದಿಲ್ಲ, ಹೋದದ್ದರ ಜಾಗಕ್ಕೆ ಅದರ ಮರಿಯೇ ಬಂದು ಕೂತಿತು. ಎಲ್ಲವಕ್ಕೂ ಒಂದೇ ಹೆಸರು. ಈಗ ಬುಟ್ಟಿಯಲ್ಲಿ ಕೂತಿರುವುದು ನಾಲ್ಕನೆಯ ಮೇಸ್ತ್ರಿ.

ಕೊನೆಗೂ ಅದು ಇಳಿಯಿತು. ಬೈಂಡರಮ್ಮ ಚಾಚಿದ ಬೆರಳನ್ನು ಮೂಸಿತು, ಹಿಂದೆ ಸರಿಯಿತು, ಮತ್ತೆ ಮೂಸಿತು. ಗುರುತು ಸಿಕ್ಕಿತೋ ಇಲ್ಲವೋ ಹೇಳುವುದು ಕಷ್ಟ. ಆದರೆ ಮಡಿಲು ಮಡಿಲೇ ತಾನೆ? ಹತ್ತಿ, ಎರಡು ಸುತ್ತು ತಿರುಗಿ, ಮುದುಡಿಕೊಂಡು ಮಲಗಿತು. ಬೈಂಡರಮ್ಮ ಅದರ ಬೆನ್ನಿನ ಮೇಲೆ ಕೈಯಿಟ್ಟಳು. ಆಸ್ಪತ್ರೆಯ ಆ ಬಿಳಿ ಕೋಣೆಯಲ್ಲಿ, ಬಾಯಿಯೆಲ್ಲ ಹುಣ್ಣಾಗಿ ನೀರೂ ಇಳಿಯದಿದ್ದಾಗ, ಈ ಒಂದು ಸ್ಪರ್ಶವನ್ನು ನೆನೆಸಿಕೊಂಡೇ ಅವಳು ಎಷ್ಟೋ ಮಧ್ಯಾಹ್ನಗಳನ್ನು ದಾಟಿದ್ದಳು. ಅವಳ ಕಣ್ಣು ತುಂಬಿತು. ಸಂತೋಷಕ್ಕೆಂದೇ ಎಲ್ಲರೂ ತಿಳಿದರು.

ಆದರೆ ತುಂಬಿದ್ದು ಎಡಗಣ್ಣು ಮಾತ್ರ. ಆಮೇಲೆ ಅದು ತುರಿಸತೊಡಗಿತು. ತುರಿಕೆ ಕಿವಿಯೊಳಕ್ಕೆ ಹೋಯಿತು, ಅಂಗುಳಿಗೆ ಇಳಿಯಿತು. ಇಪ್ಪತ್ತು ನಿಮಿಷವೂ ಕಳೆದಿರಲಿಲ್ಲ, ಮೊದಲ ಸೀನು ಬಂತು. ಮೇಷ್ಟ್ರು ಅಭ್ಯಾಸಬಲದಿಂದ ಎಣಿಸಿದರು. ಮೂರರ ತನಕ ನಗುತ್ತ ಎಣಿಸಿದರು. ಐದಕ್ಕೆ ನಗು ನಿಂತಿತು. ಒಂಬತ್ತಕ್ಕೆ ಅವರು ಥರ್ಮಾಮೀಟರು ಹುಡುಕಲು ಓಡಿದ್ದರು.

ನಮಗೆ ನಿಮಗೆ ಸೀನು ಎಂದರೆ ಸೀನು. ಆ ಮನೆಯಲ್ಲಿ ಹಾಗಲ್ಲ. ಹದಿನಾಲ್ಕು ತಿಂಗಳ ಹಿಂದೆ ಬೈಂಡರಮ್ಮನ ಮೂಳೆಗಳೊಳಗಿನ ಕೆಟ್ಟ ಮಜ್ಜೆಯನ್ನು ಔಷಧಿಯಿಂದ ಒಂದು ಚೂರೂ ಉಳಿಯದಂತೆ ಗುಡಿಸಿ, ಆ ಜಾಗಕ್ಕೆ ಅವಳ ತಮ್ಮನ ಮಜ್ಜೆಯನ್ನು ತುಂಬಿದ್ದರು. ಐವತ್ತೆಂಟು ವರ್ಷ ಅವಳ ಮೈ ಕಲಿತದ್ದೆಲ್ಲ ಅದರೊಂದಿಗೆ ಹೋಯಿತು. ದಡಾರ, ನಾಯಿಕೆಮ್ಮು, ಮಳೆಗಾಲದ ನೆಗಡಿ, ಯಾವುದರ ಗುರುತೂ ಮೈಗೆ ಉಳಿಯಲಿಲ್ಲ. ಹಸುಗೂಸುಗಳ ಸಾಲಿನಲ್ಲಿ ಕೂತು ಲಸಿಕೆಗಳನ್ನೆಲ್ಲ ಮೊದಲಿನಿಂದ ಹಾಕಿಸಿಕೊಂಡು ಬಂದಿದ್ದಳು. ಅಳದೆ ಚುಚ್ಚಿಸಿಕೊಂಡಿದ್ದಕ್ಕೆ ನರ್ಸು ಅವಳಿಗೂ ಒಂದು ಬಲೂನು ಕೊಟ್ಟಿದ್ದಳು. ಅಂಥವಳ ಮೈಗೆ ಸಣ್ಣ ನೆಗಡಿಯೂ ಸಣ್ಣದಲ್ಲ. ಹಳೆಯ ಕಾಗದದ ಬೂಷ್ಟು ಕೂಡದು, ಜನರ ಗುಂಪು ಕೂಡದು, ಹಸಿಯದು ತಿನ್ನಕೂಡದು. ಮುಂದಿನ ಕೋಣೆಯ, ಪುಸ್ತಕ ಒತ್ತುವ ಪ್ರೆಸ್ಸಿಗೆ ಹೊದಿಸಿದ ಬಟ್ಟೆಯನ್ನು ಅವಳು ವರ್ಷವಾದರೂ ತೆಗೆದಿರಲಿಲ್ಲ. ಹೊಸ ಮಜ್ಜೆಯನ್ನು ತಗ್ಗಿಸಿಡುವ ಮಾತ್ರೆಗಳನ್ನು ನಿಲ್ಲಿಸಿ ಇನ್ನೂ ನಾಲ್ಕು ತಿಂಗಳು. ಮೊನ್ನೆಯಷ್ಟೇ ಡಾಕ್ಟರಮ್ಮ, ಗಲೀಜು ಮುಟ್ಟದೆ, ಪರಚಿಸಿಕೊಳ್ಳದೆ ಇರುವುದಾದರೆ ಬೆಕ್ಕನ್ನು ಕರೆಸಿಕೊಳ್ಳಿ ಎಂದು ಒಪ್ಪಿಗೆ ಕೊಟ್ಟಿದ್ದರು.

ಜ್ವರವಿರಲಿಲ್ಲ. ಆದರೆ ಉಸಿರಿನ ಜೊತೆ ಎದೆಯೊಳಗೆ ಸಣ್ಣ ಸಿಳ್ಳೆ ಕೇಳಿಸಿತು. ಮೇಷ್ಟ್ರು ಫೋನಿಗೆ ಓಡಿದರು.

"ಟ್ಯಾಕ್ಸಿ ಹೇಳಿದ್ದೀನಿ. ನೀನು ಮಾತಾಡ್ಬೇಡ. ಶಾಲು ಹೊದ್ಕೋ."

"ರೀ, ಹೋಗೇಬಿಡ್ತೀನಾ ನಾನು?"

"ಹುಚ್ಚಿ! ಹದಿನಾಲ್ಕು ತಿಂಗಳು ಸೀಟಿ ಊದಿದ್ದು ಇದಕ್ಕಾ? ಏಳು."

ಟೈಲರಮ್ಮ ಬೆಕ್ಕನ್ನು ಬುಟ್ಟಿಗೆ ತುಂಬಿಕೊಂಡು, ತಪ್ಪೆಲ್ಲ ತನ್ನದೇ ಎನ್ನುವ ಹಾಗೆ ಗೋಡೆಗಂಟಿ ಹೊರಟುಹೋದಳು.

ಟ್ಯಾಕ್ಸಿ ಊರಿನ ಸೇತುವೆ ಹತ್ತುವಾಗ ಬೈಂಡರಮ್ಮ ಚೀಲದಿಂದ ಸಣ್ಣ ಕನ್ನಡಿ ತೆಗೆದು ನೋಡಿಕೊಂಡಳು. ಎರಡೂ ಕಣ್ಣು ಕೆಂಪಗೆ ಊದಿದ್ದವು, ರೆಪ್ಪೆಗಳ ಅಂಚು ಒದ್ದೆಯಾಗಿ ಹೊಳೆಯುತ್ತಿತ್ತು. ಈ ಕಣ್ಣುಗಳನ್ನು ತಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ತನ್ನ ಮುಖದಲ್ಲಲ್ಲ, ಬೇರೆ ಯಾರದೋ ಮುಖದಲ್ಲಿ. ನೆನಪು ನಾಲಿಗೆಯ ತುದಿಯಲ್ಲೇ ಇತ್ತು, ಹಿಡಿಯಹೋದರೆ ಜಾರುತ್ತಿತ್ತು. ಕನ್ನಡಿ ಮುಚ್ಚಿ ಗಂಡನ ಹೆಗಲಿಗೆ ಒರಗಿದಳು.

ಒರಗಿದ ಕೂಡಲೇ ಆ ಕನಸು ನೆನಪಾಯಿತು. ಬಿಳಿ ಕೋಣೆಯಲ್ಲಿದ್ದಾಗ ಮತ್ತೆ ಮತ್ತೆ ಬಿದ್ದ ಕನಸು. ಅಲ್ಲಿ ಹಗಲು ಯಾವುದು ಸಂಜೆ ಯಾವುದು ತಿಳಿಯುತ್ತಿರಲಿಲ್ಲ. ಗಾಳಿ ಸೋಸುವ ಯಂತ್ರ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ತಮ್ಮನ ಮಜ್ಜೆ ಬಂದ ದಿನ ಏನೋ ದೊಡ್ಡದು ನಡೆಯುತ್ತದೆ ಎಂದುಕೊಂಡಿದ್ದಳು. ಏನಿಲ್ಲ, ಕೆಂಪಗಿನ ಒಂದು ಚೀಲ ತೂಗುಹಾಕಿದರು, ಅದು ಹನಿಹನಿಯಾಗಿ ಇಳಿಯಿತು, ಅವಳು ನಿದ್ದೆ ಹೋದಳು. ಕನಸಿನಲ್ಲಿ ಅವಳ ಮೈ ಒಂದು ಎತ್ತರದ ಖಾಲಿ ಮನೆ. ಎಲ್ಲೋ ಠಣ್ ಎಂದು ಲಿಫ್ಟಿನ ಗಂಟೆ. ಬಾಗಿಲು ತೆರೆದು, ಕೈಯಲ್ಲಿ ಸಾಮಾನಿನ ಚೀಲ ಹಿಡಿದ ಉದ್ದನೆಯ ಗಂಡಸೊಬ್ಬ ಹೊರಗೆ ಬರುತ್ತಾನೆ. ಅವಳ ಕಡೆ ತಿರುಗಿಯೂ ನೋಡುವುದಿಲ್ಲ. ಒಂದೊಂದೇ ಕೋಣೆಗೆ ಹೋಗಿ ಕಿಟಕಿ ತೆರೆಯುತ್ತಾನೆ, ದೀಪದ ಗುಂಡಿ ಒತ್ತಿ ನೋಡುತ್ತಾನೆ, ಮತ್ತೆ ಲಿಫ್ಟು ಹತ್ತಿ ಮೇಲಿನ ಮಹಡಿಗೆ ಹೋಗುತ್ತಾನೆ. ಅವನನ್ನು ಕೂಗಬೇಕು, ಹೆಸರು ಬಾಯಿಗೆ ಬರುವುದಿಲ್ಲ. ಎಚ್ಚರವಾದಾಗಲೂ ಠಣ್ ಎಂಬ ಸದ್ದು ಕಿವಿಯಲ್ಲಿ ಇರುತ್ತಿತ್ತು.

ಉದ್ದನೆಯ ಗಂಡಸು ಯಾರೆಂದು ಅವಳಿಗೆ ಗೊತ್ತಿಲ್ಲವೆಂದಲ್ಲ. ತಮ್ಮ ಲಿಫ್ಟ್ ಮೆಕ್ಯಾನಿಕ್. ಆರಡಿ ಎರಡಂಗುಲದ ಆಳು. ಅಮ್ಮ ಇಟ್ಟ ಹೆಸರು ಚೋಟು, ಅದೇ ನಿಂತುಬಿಟ್ಟಿತ್ತು. ಅಕ್ಕ ತಮ್ಮನಿಗೆ ಮಾತು ಬಿಟ್ಟು ಹನ್ನೊಂದು ವರ್ಷ.

ತಪ್ಪು ಯಾರದು ಎಂದು ಕೇಳಿದ್ದರೆ ಬೈಂಡರಮ್ಮ ಎರಡನೇ ಯೋಚನೆಯಿಲ್ಲದೆ ಹೇಳುತ್ತಿದ್ದಳು. ಹದಿನೇಳಕ್ಕೇ ಕೆಲಸ ಕಲಿಯಲು ಮನೆ ಬಿಟ್ಟ ಹುಡುಗ, ಆಮೇಲೆ ಮನೆಗೆ ಬಂದರೆ ಅರ್ಧ ಗಂಟೆ ಒಳಗೆ ಕೂತವನಲ್ಲ. ಅಂಟಿನ ವಾಸನೆ ಅವನಿಗೆ ಆಗಿಬರದಾಯಿತು ಎಂದು ಅವಳು ಮೂಗು ಮುರಿದಳು. ಜಗಲಿಯಲ್ಲಿ ಊಟ, ಜಗಲಿಯಲ್ಲೇ ನಿದ್ದೆ. ಬಂದಾಗಲೆಲ್ಲ ಕೆಂಗಣ್ಣು. ಕುಡಿಯುತ್ತಾನೆ ಎಂದು ಅವಳು ತೀರ್ಮಾನಿಸಿದಳು. ಯಾರಿಗೂ ಹೇಳಲಿಲ್ಲ, ಗಂಡನಿಗೆ ಮಾತ್ರ ಹೇಳಿದಳು, ಅಂದರೆ ಊರಿಗೆಲ್ಲ ಹೇಳಿದ ಹಾಗೇ ಲೆಕ್ಕ. "ಬೆಕ್ಕು ಆಗಲ್ಲ ಕಣಕ್ಕಾ, ಉಸಿರು ಕಟ್ಟುತ್ತೆ," ಎಂದು ಅವನು ಒಂದೆರಡು ಸಲ ಹೇಳಿದ್ದುಂಟು. ಬೆಕ್ಕಿನ ನಡುವೆಯೇ ಹುಟ್ಟಿ ಬೆಳೆದವನು! ನೆಪ ಹೇಳುವುದಾದರೂ ನಂಬುವಂಥದ್ದು ಹೇಳಬಾರದೇ?

ಅಮ್ಮ ಕೊನೆಯ ಮೂರು ದಿನ ಹಿಂದಿನ ಕೋಣೆಯ ಕಿಟಕಿಯ ಪಕ್ಕ ಮಲಗಿದ್ದಳು. ಚಳಿಗೆ ಗಾಜು ಮುಚ್ಚಿತ್ತು. ಕಾಲಿನ ಹತ್ತಿರ ಮೂರನೆಯ ಮೇಸ್ತ್ರಿ ಬೆಚ್ಚಗೆ ಮಲಗಿತ್ತು; ಅದನ್ನು ಇಳಿಸಿದರೆ ಅಮ್ಮ ಮಗುವಿನ ಹಾಗೆ ಅಳುತ್ತಿದ್ದಳು. ಚೋಟು ಬಂದ. ಕೋಣೆಯ ಬಾಗಿಲ ತನಕ ಬಂದು, ಹಿಂದಕ್ಕೆ ಹೋಗಿ, ಹಿತ್ತಿಲಿನಲ್ಲಿ ಕಿಟಕಿಯ ಹೊರಗೆ ನಿಂತ. ಮೂರು ದಿನವೂ ಅಲ್ಲೇ ನಿಂತ. ಕೆಂಗಣ್ಣು ಬೇರೆ. ಅಂಗಡಿ, ಅಂಟು, ಔಷಧಿ, ಬಂದುಹೋಗುವ ಜನ, ಎಲ್ಲವನ್ನೂ ಒಬ್ಬಳೇ ಹೊತ್ತಿದ್ದ ಅಕ್ಕನಿಗೆ ಅಮ್ಮ ಹೋದ ಬೆಳಿಗ್ಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಕೇಳಿಬಿಟ್ಟಳು: "ಅಮ್ಮನಿಗಿಂತ ನಿನ್ನ ಮೂಗು ಹೆಚ್ಚಾಯ್ತೇನೋ? ಇನ್ನು ನನಗೆ ಮುಖ ತೋರಿಸ್ಬೇಡ." ಅವನು ಚಪ್ಪಲಿ ಮೆಟ್ಟಿಕೊಂಡ. ಹೋದವನು ಹೋದನೇ.

ಮಾತು ಬಿಟ್ಟ ಹತ್ತನೆಯ ವರ್ಷ ಮೇಷ್ಟ್ರು ಅವಳಿಗೆ ಹೇಳದೆ ಫೋನು ಮಾಡಿ, ಒಡಹುಟ್ಟಿದವರ ಮಜ್ಜೆ ಹೊಂದಬಹುದಂತೆ ಎಂದಾಗ, "ಯಾವತ್ತು ಬರ್ಬೇಕು ಹೇಳಿ ಭಾವ," ಎಂದಷ್ಟೇ ಕೇಳಿದನಂತೆ. ಹೊಂದಿತು, ಕೊಟ್ಟ. ಮರುದಿನ ಸೊಂಟ ಹಿಡಿದುಕೊಂಡು ಕುಂಟುತ್ತ ಹೋದ. ಅವಳ ಕೋಣೆಯ ಕಡೆ ಬರಲಿಲ್ಲ. ಮೂಳೆಯ ಒಳಗಿನದನ್ನು ಕೊಟ್ಟವನು ಎರಡು ಮಾತು ಕೊಡಲಾರದೆ ಹೋದನಲ್ಲ ಎಂದು ಅವಳು ಗೋಡೆ ಕಡೆ ತಿರುಗಿ ಅತ್ತಿದ್ದಳು.

ಡಾಕ್ಟರಮ್ಮ ಎದೆಗೆ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಗಂಟಲು ನೋಡಿದರು, ರಕ್ತ ತೆಗೆಸಿದರು, ಉಸಿರಿಗೊಂದು ಔಷಧಿ ಹಿಡಿಸಿದರು. ಸಿಳ್ಳೆ ನಿಂತಿತು. ಎರಡು ಗಂಟೆಯಾದ ಮೇಲೆ ವರದಿ ಹಿಡಿದು ಬಂದವರು ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಡಾಕ್ಟರು ಕೂತರು ಎಂದರೆ ಒಳ್ಳೆಯ ಸುದ್ದಿಯಲ್ಲ ಎಂದು ಮೇಷ್ಟ್ರಿಗೆ ಅನುಭವವಿತ್ತು. ಅವರು ಸೀಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು.

"ಸೋಂಕಿಲ್ಲ. ರಕ್ತದ ಕೌಂಟ್ ಎಲ್ಲ ಚೆನ್ನಾಗಿದೆ. ಒಂದು ವಿಷಯ ಹೇಳಿ, ಇದು ಶುರು ಆದಾಗ ಏನು ಮಾಡ್ತಿದ್ರಿ?"

"ಬೆಕ್ಕನ್ನ ಮಡಿಲಲ್ಲಿ ಕೂರಿಸಿಕೊಂಡಿದ್ದೆ."

"ಮೊದಲು ಯಾವತ್ತಾದ್ರೂ ಬೆಕ್ಕಿನಿಂದ ಹೀಗೆ ಆಗಿತ್ತಾ?"

"ಅಯ್ಯೋ, ನಾನು ಬೆಕ್ಕಿನ ಜೊತೇನೇ ಬೆಳೆದವಳು ಡಾಕ್ಟ್ರೇ."

"ನಿಮ್ಮ ತಮ್ಮನಿಗೆ?"

ಬೈಂಡರಮ್ಮನ ಕೈ ಚೀಲದೊಳಗಿನ ಕನ್ನಡಿಗೆ ಹೋಯಿತು. ಮೇಷ್ಟ್ರು ಹೆಂಡತಿಯ ಮುಖ ನೋಡಿದರು, ಆಮೇಲೆ ತಮ್ಮ ಬೂಟಿನ ತುದಿ ನೋಡಿದರು.

"ಎಲ್ಲರಿಗೂ ಆಗಲ್ಲ, ಒಮ್ಮೊಮ್ಮೆ ಆಗುತ್ತೆ," ಎಂದರು ಡಾಕ್ಟರಮ್ಮ. "ಈಗ ನಿಮ್ಮ ಮೈ ಕಾಯೋದು ಅವರ ಮಜ್ಜೆಯಿಂದ ಹುಟ್ಟಿದ ಜೀವಕಣಗಳು. ಅವರಿಗೆ ಏನು ಆಗಲ್ವೋ, ಅದರ ಗುರುತೂ ಜೊತೆಗೇ ಬಂದುಬಿಡುತ್ತೆ. ಇಷ್ಟು ದಿನ ಮಾತ್ರೆ ಹಾಕಿ ಸುಮ್ಮನಿರಿಸಿದ್ವಿ. ಈಗ ಎದ್ದಿವೆ. ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡ್ಕೊಳ್ಳೋಣ. ಆದ್ರೆ ಬೆಕ್ಕು ಮಾತ್ರ ಮನೆಯೊಳಗೆ ಬೇಡ. ಉಸಿರಿನ ವಿಷಯ, ಹುಡುಗಾಟ ಅಲ್ಲ."

"ಅಂದ್ರೆ ಅವನಿಗೆ ನಿಜವಾಗ್ಲೂ ಆಗ್ತಿರಲಿಲ್ಲ," ಎಂದಳು ಬೈಂಡರಮ್ಮ. ಅದು ಪ್ರಶ್ನೆಯಾಗಿರಲಿಲ್ಲ. ಕನ್ನಡಿಯಲ್ಲಿ ಕಂಡ ಕಣ್ಣು ಯಾರದೆಂದು ಈಗ ತಿಳಿದಿತ್ತು. ಕುಡಿದ ಕಣ್ಣು ಎಂದು ಎಷ್ಟು ವರ್ಷ ಅಂದುಕೊಂಡಿದ್ದಳು!

ಇನ್ನೊಂದು ಪರೀಕ್ಷೆಗೆ ರಕ್ತ ತೆಗೆಯಲು ಬಂದವಳು ಮೇಲಿನ ವಾರ್ಡಿನ ಹಳೆಯ ದಪ್ಪ ನರ್ಸಮ್ಮ. ಮಾತು ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ಕೇಳಿಸಿಕೊಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿಯವಳಲ್ಲ.

"ನಿಮ್ಮ ತಮ್ಮ ಅಂದ್ರೆ ಆ ಉದ್ದದ ಲಿಫ್ಟಿನವರು ತಾನೆ? ನೀವು ಒಳಗಿದ್ದಷ್ಟು ದಿನ ವಾರಕ್ಕೆ ಎರಡು ಸಲ ಬರೋರು. ನಮ್ಮ ಲಿಫ್ಟು ನೋಡ್ಕೊಳ್ಳೋಕೆ ಯಾರ ಜೊತೆಗೋ ಪಾಳಿ ಬದಲಾಯಿಸಿಕೊಂಡಿದ್ರಂತೆ. ಲಿಫ್ಟಿಗೆ ಏನೂ ಆಗಿರ್ತಿರಲಿಲ್ಲ. ನಮ್ಮ ಮಹಡಿಗೆ ಬಂದು, ಬಾಗಿಲು ತೆಗೆದು ಹಾಕಿ ಮಾಡಿ, ಗಂಟೆ ಒತ್ತಿ ನೋಡಿ, ಹೋಗೋವಾಗ ನನ್ನ ಕೇಳೋರು: ಇವತ್ತು ಎಷ್ಟಾಗಿದೆ ಅಕ್ಕನ ಕೌಂಟ್ ಅಂತ. ಅಷ್ಟೇ. ಒಳಗೆ ನೋಡಿ ಬನ್ನಿ ಅಂದ್ರೆ, ಬೇಡ, ನನ್ನ ಮುಖ ಅವಳಿಗೆ ಆಗಲ್ಲ ಅನ್ನೋರು. ನಿಜ ಹೇಳ್ತೀನಿ, ನಮ್ಮ ಲಿಫ್ಟು ಆ ಎರಡು ತಿಂಗಳು ಓಡಿದ ಹಾಗೆ ಯಾವತ್ತೂ ಓಡಿಲ್ಲ."

ನರ್ಸಮ್ಮ ನಕ್ಕಳು. ಬೈಂಡರಮ್ಮನ ಕಣ್ಣು ಮತ್ತೆ ತುಂಬಿತು; ಈ ಸಲ ಎರಡೂ.

ಮನೆಗೆ ಬಂದವಳು ಬಟ್ಟೆ ಬದಲಿಸಿ, ಹಿಂದಿನ ಕೋಣೆಗೆ ಹೋಗಿ, ಅಮ್ಮನ ಮಂಚದ ಮೇಲೆ ಕೂತಳು. ಮೇಷ್ಟ್ರು ಮನೆಯನ್ನೆಲ್ಲ ಒರೆಸಿ, ಕೂದಲು ಬಿದ್ದ ಹೊದಿಕೆಗಳನ್ನು ಬಿಸಿನೀರಿಗೆ ಹಾಕಿದರು. ಅವಳು ಅದೇನನ್ನೂ ನೋಡುತ್ತಿರಲಿಲ್ಲ. ಕಿಟಕಿಯಾಚೆಯ ಹಿತ್ತಿಲಿನಲ್ಲಿ ತಮ್ಮ ನಿಂತಿದ್ದ ಅಷ್ಟಗಲ ನೆಲವನ್ನೇ ನೋಡುತ್ತಿದ್ದಳು. ಅಲ್ಲಿ ಈಗ ಒಣಗಲು ಹಾಕಿದ ಬಕೆಟ್ಟು ಬೋರಲಾಗಿ ಬಿದ್ದಿತ್ತು.

ಮೂರನೆಯ ದಿನ ವರದಿ ಬಂತು. ಬೆಕ್ಕೇ ಸರಿ. ಮೇಷ್ಟ್ರು ಅದನ್ನು ಮಡಚಿ ಔಷಧಿಯ ಡಬ್ಬಿಯಲ್ಲಿಟ್ಟರು. "ಫೋನು ಹಚ್ಚಿ ಕೊಡ್ಲಾ?" ಎಂದರು.

"ಬೇಡ. ಎಲ್ಲರೆದುರಿಗೆ ಅಂದವಳು ನಾನು. ಫೋನಿನಲ್ಲಿ ತಪ್ಪೊಪ್ಪಿಕೊಂಡ್ರೆ ಆಗುತ್ತಾ? ಎಲ್ಲಿ ಕೆಲಸ ಮಾಡ್ತಿದ್ದಾನೆ ಕೇಳಿ."

ಕೆಲಸ ನಡೆದಿದ್ದದ್ದು ಹನ್ನೆರಡು ಮಹಡಿಯ ಒಂದು ಕಚೇರಿಯಲ್ಲಿ. ಊಟದ ಹೊತ್ತು ಕಳೆದು ಜನ ಕಡಿಮೆಯಾದ ಮೇಲೆ ಮೇಷ್ಟ್ರು ಅವಳನ್ನು ಅಲ್ಲಿಗೆ ಕರೆದೊಯ್ದು, ತಾವು ಬಾಗಿಲ ಹೊರಗೇ ಬೆಂಚಿನ ಮೇಲೆ ಕೂತರು. "ನಾನು ಬರಲ್ಲ. ಅಕ್ಕ ತಮ್ಮನ ಮಧ್ಯೆ ರೆಫರಿ ಆದವನು ಉದ್ಧಾರ ಆಗಿಲ್ಲ."

ಒಳಗೆ ತಂಪು, ನಿಶ್ಶಬ್ದ. ಲಿಫ್ಟಿನ ಬಾಗಿಲು ಅಗಲವಾಗಿ ತೆರೆದಿತ್ತು, ಅಡ್ಡಕ್ಕೊಂದು ಹಳದಿ ಪಟ್ಟಿ, 'ಕೆಲಸ ನಡೆದಿದೆ' ಎಂಬ ಹಲಗೆ. ಲಿಫ್ಟು ಇರಬೇಕಾದಲ್ಲಿ ಕತ್ತಲು. ಮೇಲೆ ನೋಡಿದರೆ ಉಕ್ಕಿನ ಹಗ್ಗಗಳು ಎತ್ತರಕ್ಕೆ ಹೋಗಿ ಕರಗಿದ್ದವು. ಕೆಳಗೆ ಒಂದು ದೀಪ ಅಲ್ಲಾಡುತ್ತಿತ್ತು, ಯಾರೋ ಲೋಹಕ್ಕೆ ಲೋಹ ತಾಗಿಸುವ ಸದ್ದು ಬರುತ್ತಿತ್ತು. ಬೈಂಡರಮ್ಮ ಪಟ್ಟಿಯ ಈಚೆ ನಿಂತಳು. ಕನಸಿನಲ್ಲಿ ಬಾಯಿಗೆ ಬಾರದಿದ್ದ ಹೆಸರು ಈಗ ಸಲೀಸಾಗಿ ಬಂತು.

"ಚೋಟೂ."

ಸದ್ದು ನಿಂತಿತು. ದೀಪವೂ ನಿಂತಿತು. ಆ ಹೆಸರು ಕತ್ತಲಲ್ಲಿ ಮೇಲಕ್ಕೂ ಕೆಳಕ್ಕೂ ಹೋಗಿ ತಿರುಗಿ ಬಂತು. ಆಮೇಲೆ ಕಬ್ಬಿಣದ ಏಣಿಯ ಮೇಲೆ ಬೂಟುಗಳು. ಮೊದಲು ನರೆತ ತಲೆ ಕಂಡಿತು, ಅದು ಎಷ್ಟೊಂದು ನರೆತಿದೆ! ಆಮೇಲೆ ಉದ್ದನೆಯ ಮೈ. ಅವಳನ್ನು ಕಂಡದ್ದೇ ಅವನು ಹಿಂದಕ್ಕೆ ಸರಿದು ಎರಡೂ ಕೈ ಬೆನ್ನ ಹಿಂದೆ ಅಡಗಿಸಿದ.

"ಹತ್ತಿರ ಬರ್ಬೇಡ ಅಕ್ಕ. ಮೈಯೆಲ್ಲ ಧೂಳು, ಗ್ರೀಸು. ನಿನಗೆ ಏನಾದ್ರೂ ಅಂಟಿದ್ರೆ ಕಷ್ಟ."

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಹೊಲಿಗೆ ಬಿಟ್ಟ ಹಾಳೆಗಳಾದವು. "ಮೇಸ್ತ್ರಿಯನ್ನ ಮುಟ್ಟಿದೆ ಕಣೋ," ಎಂದಳು. "ಮೂರು ದಿನದ ಹಿಂದೆ."

ಅವನು ಅವಳ ಮುಖವನ್ನೇ ನೋಡಿದ. ಕಣ್ಣಿನ ಸುತ್ತ ಇನ್ನೂ ಸ್ವಲ್ಪ ಊತ ಉಳಿದಿತ್ತು.

"ಮೊದಲು ಎಡಗಣ್ಣು ತುರಿಸ್ತಾ?"

"ಹೂಂ."

"ಆಮೇಲೆ ಕಿವಿ ಒಳಗೆ. ಬೆರಳು ಹಾಕಿದ್ರೂ ಸಿಗಲ್ಲ."

"ಸಿಗಲ್ಲ."

"ಆಮೇಲೆ ಅಂಗುಳು. ಆಮೇಲೆ ಎದೆ ಮೇಲೆ ಯಾರೋ ಕೂತ ಹಾಗೆ."

ಹುಟ್ಟಿದೂರಿನ ದಾರಿ ಹೇಳುವವನ ಹಾಗೆ ಅವನು ಒಂದೊಂದೇ ಹೇಳುತ್ತ ಹೋದ. ಅವಳು ಒಂದೊಂದಕ್ಕೂ ತಲೆಯಾಡಿಸಿದಳು.

"ತಪ್ಪಾಯ್ತು ಕಣೋ ಚೋಟು," ಎಂದಳು. "ಎಲ್ಲರೆದುರಿಗೆ ನಿನ್ನ ಅವಮಾನ ಮಾಡಿದೆ. ನೀನು ನಾಟಕ ಆಡ್ತಿದ್ದೀಯ ಅಂದ್ಕೊಂಡೆ. ಕುಡೀತೀಯ ಅಂತಲೂ ಅಂದ್ಕೊಂಡಿದ್ದೆ. ಹೊಟ್ಟೆಗೆ ಹಾಕ್ಕೋ."

ಅವನಿಗೆ ಅದು ಕೇಳಿಸಿದಂತೆಯೇ ಕಾಣಲಿಲ್ಲ. ಹಣೆ ಗಂಟಿಕ್ಕಿ ಬೇರೇನನ್ನೋ ಯೋಚಿಸುತ್ತಿದ್ದ. ಯೋಚಿಸಿ, ಪೂರಾ ತಪ್ಪಿತಸ್ಥನ ದನಿಯಲ್ಲಿ ಕೇಳಿದ: "ಅಂದ್ರೆ ನನ್ನಿಂದ ನಿನಗೆ ಬಂದುಬಿಡ್ತಾ ಇದು? ಒಳ್ಳೇದು ಮಾತ್ರ ಕೊಡೋಣ ಅಂತಿದ್ದೆ ಅಕ್ಕ. ಇದೂ ಜೊತೆಗೆ ಬರುತ್ತೆ ಅಂತ ಯಾರೂ ಹೇಳ್ಲಿಲ್ಲ. ನಿನಗೆ ಮೇಸ್ತ್ರಿ ಅಂದ್ರೆ..."

ಬೈಂಡರಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಹನ್ನೊಂದು ವರ್ಷ ಈ ಪಾಪದವನ ಮೇಲೆ ಮುನಿಸಿಕೊಂಡು ಕೂತಿದ್ದೆನಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. "ಥೂ ಪೆದ್ದ," ಎಂದಳು. "ಜೀವ ಕೊಟ್ಟು, ಸೀನಿಗೆ ಕ್ಷಮೆ ಕೇಳ್ತಾನೆ! ಭಾನುವಾರ ಮನೆಗೆ ಬಾ. ಬೆಕ್ಕಿಲ್ಲ. ಭಾವ ಮೂರು ಸಲ ಒರೆಸಿದ್ದಾರೆ."

ಭಾನುವಾರ ಅವನು ಬಂದ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ, ಸೀಟಿಗೆ ಮುಂಚೆಯೇ ಕೈ ತೊಳೆದ, ಇಪ್ಪತ್ತರ ಬದಲು ನಲವತ್ತು ಎಣಿಸಿ ಮೇಷ್ಟ್ರ ಮೆಚ್ಚುಗೆ ಪಡೆದ. ಜೇಬಿನಿಂದ ಮಾತ್ರೆಯ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಇದು ನಾನು ತಗೊಳ್ಳೋದು. ಡಾಕ್ಟರನ್ನ ಕೇಳಿ, ಆಗಬಹುದು ಅಂದ್ರೆ ಮಾತ್ರ ತಗೋ. ನಿದ್ದೆ ಬರುತ್ತೆ." ಒಳಗೆ ಬರಲು ಮಾತ್ರ ಅವನ ಕಾಲು ಅನುಮಾನಿಸಿತು. ಮೆಲ್ಲನೆ ಮೂಗಿನಲ್ಲಿ ಗಾಳಿ ಎಳೆದು ನೋಡಿದ. ಏನೂ ಆಗಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ. ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚದ ಮೇಲೆ ಅವನು ಎಷ್ಟೋ ಹೊತ್ತು ಕೂತ. ಅಕ್ಕ ಬಾಗಿಲ ಹತ್ತಿರ ಬಂದು, ಹಾಗೇ ಹಿಂದಿರುಗಿ ಚಹಾಕ್ಕೆ ನೀರಿಟ್ಟಳು.

ಚಹಾ ಮುಗಿದ ಮೇಲೆ ಅವಳು ಮಾಸ್ಕು ಕಟ್ಟಿಕೊಂಡು ಎದ್ದಳು. "ನಡಿ, ಸ್ವಲ್ಪ ಓಡಾಡಿಕೊಂಡು ಬರೋಣ."

ಟೈಲರಮ್ಮನ ಅಂಗಡಿ ಮುಚ್ಚಿತ್ತು. ಬೀದಿಗೆ ಮುಖ ಮಾಡಿದ ಅಗಲವಾದ ಗಾಜಿನ ಕಿಟಕಿಯ ಒಳಗೆ, ಕತ್ತರಿಸಿ ಉಳಿದ ಬಟ್ಟೆಯ ಗುಡ್ಡೆಯ ಮೇಲೆ, ಮೇಸ್ತ್ರಿ ಮಲಗಿತ್ತು. ಸಂಜೆಯ ಬಿಸಿಲು ಓರೆಯಾಗಿ ಬಿದ್ದು ಅದರ ಬೂದು ಬೆನ್ನು ಹೊಂಬಣ್ಣಕ್ಕೆ ತಿರುಗಿತ್ತು. ಇನ್ನು ಅದು ಇಲ್ಲಿಯದೇ. ದಿನಾ ಸಂಜೆ ಬಂದು ನೋಡಿಕೊಂಡು ಹೋಗಬಹುದು ಎಂದು ಟೈಲರಮ್ಮ ಹೇಳಿದ್ದಳು. ಬೈಂಡರಮ್ಮ ಗಾಜಿನ ಹತ್ತಿರ ನಿಂತಳು. ಹತ್ತು ಅಂಗುಲದ ಆಚೆ ಅದರ ಹೊಟ್ಟೆ ಏರಿ ಇಳಿಯುತ್ತಿತ್ತು. ಮುಟ್ಟಬೇಕೆನ್ನುವ ಆಸೆಗೆ ಅವಳ ಬೆರಳುಗಳೆಲ್ಲ ನೋಯತೊಡಗಿದವು.

"ಹೀಗೇ ಇತ್ತಾ ನಿನಗೆ?" ಎಂದಳು, ತಿರುಗಿ ನೋಡದೆ.

ತಮ್ಮ ಅವಳ ಪಕ್ಕ ಬಂದು ನಿಂತ. ಹೇಳಿದ, "ಅಮ್ಮ ನೋಡ್ತಿದ್ಲು ಅಕ್ಕ. ನೀನು ಮುಂದಿನ ಕೋಣೆಯಲ್ಲಿ ಅಂಟು ಕುದಿಸ್ತಿರ್ತಿದ್ದೆ, ನಿನಗೆ ಗೊತ್ತಿಲ್ಲ. ಮಲಗಿದಲ್ಲಿಂದಲೇ ಕೈ ಎತ್ತಿ ಗಾಜಿಗೆ ಇಡ್ತಿದ್ಲು. ನಾನು ಹೊರಗಿಂದ ಇಡ್ತಿದ್ದೆ. ಮೊದಲು ಏನೂ ಗೊತ್ತಾಗಲ್ಲ, ಗಾಜು ತಣ್ಣಗಿರುತ್ತೆ. ಕೈ ತೆಗೀಬಾರದು. ಸ್ವಲ್ಪ ಹೊತ್ತಿಗೆ ಬಿಸಿ ಬರುತ್ತೆ."

ಬೈಂಡರಮ್ಮ ಅಂಗೈ ಎತ್ತಿ ಗಾಜಿನ ಮೇಲೆ ಇಟ್ಟಳು. ಒಳಗೆ ಮೇಸ್ತ್ರಿ ಒಂದು ಕಣ್ಣು ತೆರೆದು ನೋಡಿತು. ಎದ್ದು, ಮೈ ಮುರಿದು, ಬಟ್ಟೆಯ ಗುಡ್ಡೆ ಇಳಿದು ಬಂದು, ಅವಳ ಕೈ ಇದ್ದ ಕಡೆ ಗಾಜಿಗೆ ಬೆನ್ನು ಕೊಟ್ಟು ಮತ್ತೆ ಮಲಗಿತು. ಅದರ ಕೂದಲು ಗಾಜಿಗೆ ಒತ್ತಿ ಚಪ್ಪಟೆಯಾಗಿ ಹರಡಿತು. ಗಾಜು ತಣ್ಣಗಿತ್ತು. ಅವಳು ಕೈ ತೆಗೆಯಲಿಲ್ಲ.